ನಂಬರು ಕೂಡಿದ ಬಂದೂಕು

ಒಂದು ಭಾನುವಾರದ ಮಧ್ಯಾಹ್ನ ಮೇಜಿನ ಸುತ್ತ ನಾಲ್ಕು ಜನ ಕೂತಿದ್ದೆವು. ನಾನು, ನನ್ನ ಹೆಂಡತಿ ಗಿರಿಜಾ, ನನ್ನ ಜೊತೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮೊಳಕಾಲ್ಮುರಿನ ನಾಗಭೂಷಣ, ನಮ್ಮನ್ನು ಕಾಫಿಗೆ ಕರೆದಿದ್ದ ಕೆಳಗಿನ ಮನೆಯ ಲೆನ್ನಾರ್ಟ್ ಎಂಬ ವಯಸ್ಸಾದವರು. ತಟ್ಟೆಯಲ್ಲಿ ಏಲಕ್ಕಿ ಹಾಕಿದ ಬನ್ನು. ಸ್ವೀಡನ್ನಿನವರು ಬನ್ನಿಗೆ ಏಲಕ್ಕಿ ಹಾಕುತ್ತಾರೆಂದು ಯಾರೂ ನಮಗೆ ಹೇಳಿರಲಿಲ್ಲ, ಆ ವಾಸನೆಗೆ ಗಿರಿಜಾಳ ಕಣ್ಣು ತುಂಬಿಬಿಟ್ಟಿತ್ತು. ಅಷ್ಟರಲ್ಲಿ ಲೆನ್ನಾರ್ಟ್ ಎದ್ದು ಒಳಕೋಣೆಗೆ ಹೋದರು. ನಮ್ಮ ಕಡೆ ಮನೆಗೆ ಬಂದವರಿಗೆ ಮದುವೆಯ ಆಲ್ಬಮ್ ತಂದು ತೋರಿಸುತ್ತಾರಲ್ಲ, ಅದನ್ನೇ ತರಲು ಹೋದರು ಅಂದುಕೊಂಡೆ. ಹೊರಗೆ ಬಂದವರ ಎರಡು ಕೈ ಮೇಲೆ, ಎಣ್ಣೆ ನೀರು ಹಾಕಿದ ಕೂಸನ್ನು ಎತ್ತಿಕೊಂಡ ಹಾಗೆ, ಒಂದು ಉದ್ದನೆಯ ಬಂದೂಕು.

ಗಿರಿಜಾ ನನ್ನ ತೋಳು ಚಿವುಟಿದಳು. "ರೀ, ನಾವೇನು ಅಂಥಾದ್ದು ಮಾತಾಡಿದ್ವಿ?"

ಬಂದೂಕು ಅಂದರೆ ನಮಗೆ ಗೊತ್ತಿದ್ದದ್ದು ಎಷ್ಟು? ಚಳ್ಳಕೆರೆಯ ಬ್ಯಾಂಕಿನ ಬಾಗಿಲಲ್ಲಿ ತೂಕಡಿಸುವ ಕಾವಲುಗಾರನ ಜೋಡಿನಳಿಗೆ, ಪೊಲೀಸ್ ಠಾಣೆಯ ಗೋಡೆಗೆ ಸರಪಳಿಯಲ್ಲಿ ಕಟ್ಟಿದ ಒಂದೆರಡು, ಪರಶುರಾಂಪುರದ ಕಡೆ ಶೇಂಗಾ ಹೊಲಕ್ಕೆ ನುಗ್ಗುವ ಹಂದಿಗಳನ್ನು ಹೆದರಿಸುವ ನಾಡಕೋವಿ. ಯಾವುದೂ ಕಾಫಿ ಬಟ್ಟಲ ಪಕ್ಕಕ್ಕೆ ಬರುವ ವಸ್ತುವಲ್ಲ. ಇಲ್ಲಿ ಲೆನ್ನಾರ್ಟ್ ಮೊದಲು ಬಂದೂಕಿನ ಬೋಲ್ಟನ್ನು, ಅಂದರೆ ಬಾಗಿಲಿನ ಅಗಳಿಯ ಹಾಗೆ ಎತ್ತಿ ಹಿಂದಕ್ಕೆ ಎಳೆಯುವ ಉಕ್ಕಿನ ಸರಳನ್ನು, ಎಳೆದು ಒಳಗೆ ತೋಟೆ ಇಲ್ಲವೆಂದು ನಮಗೆ ತೋರಿಸಿದರು. ಆಮೇಲೆ ನನ್ನ ಕೈಗಿಟ್ಟು, "ನೀನೂ ನೋಡು" ಅಂದರು. ಕೊಡುವವನು ನೋಡಿದರೆ ಸಾಲದು, ತೆಗೆದುಕೊಳ್ಳುವವನೂ ನೋಡಬೇಕು. ಬೋಲ್ಟು ಮುಚ್ಚಿದ ಬಂದೂಕನ್ನು ಇಲ್ಲಿ ಯಾರೂ ಯಾರ ಕೈಗೂ ಕೊಡುವುದಿಲ್ಲ.

ನಳಿಗೆಯ ಬುಡದಲ್ಲಿ ಕಿರೀಟದ ಗುರುತು, ಅದರ ಕೆಳಗೆ ೧೮೯೯ ಎಂದು ಕೆತ್ತಿತ್ತು. ನೂರು ವರ್ಷದ ಉಕ್ಕು, ಮುಟ್ಟಿದರೆ ರೇಷ್ಮೆ. ಒಳಗಿನ ಬೀರುವಿನಲ್ಲಿ ಅದೇ ಜಾತಿಯವು ಇನ್ನೂ ಹಲವು ನಿಂತಿದ್ದವು, ತಯಾರಾದ ವರ್ಷಕ್ಕೊಂದರಂತೆ. ಸೈನ್ಯ ಬೇಡವೆಂದು ಮಾರಿದ್ದನ್ನು ಅವರು ಒಂದೊಂದಾಗಿ ಕೂಡಿಸಿಟ್ಟಿದ್ದರು.

"ಇವು ಯಾರನ್ನೂ ಕೊಂದಿಲ್ಲ. ನಮ್ಮ ದೇಶ ಯುದ್ಧಕ್ಕೇ ಇಳಿಯಲಿಲ್ಲ. ಗಡಿಯಲ್ಲಿ ನಿಂತು ಮಳೆ ಹಿಮ ತಿಂದವು, ಅಷ್ಟೇ" ಅಂದರು.

ನಾನು ಆ ಮಾತಿಗೆ ತಲೆದೂಗಿದೆ. ಆ ಸ್ವೀಡಿಷ್ ಮಾತಿನ ಅರ್ಥ ನನಗೆ ಕನ್ನಡದಲ್ಲಿ ಹೇಳಿದವನು ಮಾತ್ರ ನಾಗ. ನನ್ನ ಹೊಟ್ಟೆಕಿಚ್ಚಿನ ಕಥೆ ಶುರುವಾಗುವುದು ಅಲ್ಲಿಂದಲೇ.

ನಾನು ಬೋರ್‌ವೆಲ್ ಲಾರಿಗಳ ಮೆಕ್ಯಾನಿಕ್. ಕಲ್ಲು ಕೊರೆಯುವ ಯಂತ್ರ ಮಾಡುವ ಇಲ್ಲಿನ ಕಂಪನಿಯೊಂದು ತೊಂಬತ್ತರ ದಶಕದ ಕೊನೆಗೆ ನಮ್ಮಂಥ ಕೆಲವರನ್ನು ತರಬೇತಿಗೆ ಕರೆಸಿ, ಕೆಲಸ ನೋಡಿ ಉಳಿಸಿಕೊಂಡಿತು. ಮೊದಲು ಬಂದವನು ನಾನು. ಬೂಟು ಒಳಗೆ ಹಾಕಿಕೊಂಡು ಹೋಗಬಾರದು ಅನ್ನುವುದರಿಂದ ಹಿಡಿದು, ಮಧ್ಯಾಹ್ನ ಮೂರಕ್ಕೇ ಕತ್ತಲಾದಾಗ ಅಳಬಾರದು ಅನ್ನುವವರೆಗೆ ಎಲ್ಲವನ್ನೂ ಬಿದ್ದು ಎದ್ದು ಕಲಿತವನು. ಮರುವರ್ಷ ನಾಗ ಬಂದ. ರೇಷ್ಮೆ ಸೀರೆ ನೇಯುವ ಮನೆಯವನು, ನೇಯಲು ಮಗ್ಗದ ಕುಣಿಗೆ ಕಾಲು ಇಳಿಬಿಡದೆ ಬೋರ್‌ವೆಲ್ ಲಾರಿ ಹತ್ತಿದವನು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು ಆಡುತ್ತಾ ಬೆಳೆದವನಿಗೆ ಸ್ವೀಡಿಷ್ ಎಂಬುದು ಇನ್ನೊಂದು ಸಂತೆಯ ಭಾಷೆ, ಅಷ್ಟೇ. ತಪ್ಪೋ ಒಪ್ಪೋ ಆಡಿಬಿಡುತ್ತಿದ್ದ. ನಾನು ವಾಕ್ಯವನ್ನು ಬಾಯಲ್ಲಿ ಕಟ್ಟಿ ಮುಗಿಸುವಷ್ಟರಲ್ಲಿ ಎದುರಿನವರು ಬಸ್ಸು ಹತ್ತಿ ಹೋಗಿರುತ್ತಿದ್ದರು.

ಒಂದು ಉದಾಹರಣೆ ಹೇಳುತ್ತೇನೆ. ಇಲ್ಲಿ ಇಡೀ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಒಂದೇ ಬಟ್ಟೆ ಒಗೆಯುವ ಕೋಣೆ. ತ್ವೆತ್‌ಸ್ತೂಗ ಅನ್ನುತ್ತಾರೆ. ನಮ್ಮಲ್ಲಿ ಬೀದಿ ನಲ್ಲಿಗೆ ಕೊಡ ಸಾಲಿಡುವ ಹಾಗೆ ಇಲ್ಲಿ ಹಲಗೆಯ ಮೇಲೆ ಸರದಿ ಹಿಡಿಯಬೇಕು. ಗೊತ್ತಿಲ್ಲದೆ ಗಿರಿಜಾ ಬೇರೆ ಹೆಂಗಸಿನ ಸರದಿಯಲ್ಲಿ ಸೀರೆ ಒಗೆದಳು. ಆಕೆ ಬಂದು ಕೆಂಪು ಮುಖ ಮಾಡಿ ನಿಂತಾಗ ನಾನು ಏನೂ ತಿಳಿಯದೆ "ಯಾ, ಯಾ", ಅಂದರೆ ಹೌದು ಹೌದು, ಅನ್ನುತ್ತಲೇ ಇದ್ದೆ. ನಾಗ ಬಂದು ಅದೇನೋ ಹೇಳಿ ನಗಿಸಿದ. ಮರುದಿನ ಆಕೆ ಲಿಂಗೋನ್ ಎಂಬ ಕಾಡುಹಣ್ಣಿನ ಜಾಮು ತಂದು ನಾಗನಿಗೆ ಕೊಟ್ಟಳು. ನಮ್ಮ ಕವಳೆಹಣ್ಣಿನದೇ ಹುಳಿ. ನಾಗ ಅದನ್ನು ರೊಟ್ಟಿಗೆ ಹಚ್ಚಿ ನನ್ನ ಮುಂದೆಯೇ ತಿಂದ.

"ಬೈಸಿಕೊಂಡವಳು ನಾನು, ಜಾಮು ಮಾತ್ರ ಇವನಿಗೆ" ಅಂದಳು ಗಿರಿಜಾ.

"ವದಿನಾ, ನಿಮಗೂ ಒಂದು ಚಮಚ ಐತೆ, ತಗೊಳ್ಳಿ" ಅಂದ. ಅತ್ತಿಗೆಯನ್ನು ಅವರು ತೆಲುಗಿನಲ್ಲಿ ವದಿನಾ ಅನ್ನುತ್ತಾರೆ. ಹಾಗೆ ಕರೆದ ಮೇಲೆ ಅವಳ ಸಿಟ್ಟು ಇಳಿಯಿತು. ನನ್ನದು ಇಳಿಯಲಿಲ್ಲ.

ಇಲ್ಲಿ ಹಿರಿಯರನ್ನೂ ಹೆಸರು ಹಿಡಿದು, ಏಕವಚನದಲ್ಲಿ ಕರೆಯಬೇಕು. ನನಗೆ ನಾಲಿಗೆ ಹೊರಳದು. ಮನೆಯೊಳಗೆ ನಾವು ಅವರನ್ನು ಲೆನ್ನಾರ್ಟಜ್ಜ ಅಂದೆವು. ಅಜ್ಜ ನನ್ನನ್ನೂ ನಾಗನನ್ನೂ ಬಂದೂಕಿನಿಂದ ಗುರಿ ಹೊಡೆಯುವವರ ಊರಿನ ಸಂಘಕ್ಕೆ ಸೇರಿಸಿದರು. ಸಂಘಕ್ಕೆ ತಪ್ಪದೆ ಹೋಗಿ, ನಂಬಿಕೆಯ ಮನುಷ್ಯನೆನ್ನಿಸಿಕೊಂಡ ಮೇಲೆಯೇ ಪೊಲೀಸರು ಪರವಾನಗಿ ಕೊಡುವುದು. ಆ ಕಾಗದ ಕೈಗೆ ಬಂದ ದಿನ ನನಗೆ ಈ ದೇಶದಲ್ಲಿ ಮೊದಲ ಬಾರಿಗೆ ಬಾಗಿಲು ತೆರೆದು ಒಳಗೆ ಕರೆದ ಹಾಗಾಯಿತು.

ಅಜ್ಜ ತಮ್ಮಲ್ಲಿ ಹೆಚ್ಚಾಗಿದ್ದ ಎರಡು ಬಂದೂಕುಗಳನ್ನು ಅಗ್ಗಕ್ಕೆ ಕೊಡುವೆನೆಂದು ಮೇಜಿನ ಮೇಲಿಟ್ಟರು. ಒಂದರ ಮರ ಎಣ್ಣೆಗಪ್ಪು, ಅಲ್ಲಲ್ಲಿ ತರಚು. ಇನ್ನೊಂದು ಕನ್ನಡಿಯ ಹಾಗೆ ವಾರ್ನಿಶ್ ಹೊಡೆದು ಥಳಥಳ ಹೊಳೆಯುತ್ತಿತ್ತು.

"ನೀ ದೊಡ್ಡೋನು ತಿಪ್ಪಣ್ಣ, ಮೊದ್ಲು ನೀ ಆರಿಸ್ಕೋ" ಅಂದ ನಾಗ.

ಚಳ್ಳಕೆರೆಯ ಸಂತೆಯಲ್ಲಿ ಬೆಳೆದವನು ನಾನು. ಹೊಳೆಯುವುದನ್ನು ಎತ್ತಿಕೊಂಡೆ. ಅಜ್ಜ ಕನ್ನಡಕ ಒರೆಸಿಕೊಂಡರು. ಆಮೇಲೆ ನಾಗನ ಬಂದೂಕಿನ ಬೋಲ್ಟನ್ನು ಹೊರತೆಗೆದು ತೋರಿಸಿದರು. ಈ ಬಂದೂಕುಗಳನ್ನು ಮಾಡಿದ ಕಾಲದಲ್ಲಿ ಒಂದೊಂದಕ್ಕೂ ಒಂದು ನಂಬರು. ಆ ನಂಬರನ್ನೇ ಬೋಲ್ಟಿಗೆ, ತಳದ ತಟ್ಟೆಗೆ, ಪುಟ್ಟ ಪುಟ್ಟ ತಿರುಪಿಗೂ ಒತ್ತುತ್ತಿದ್ದರು. ನಾಗನದರಲ್ಲಿ ಎಲ್ಲ ನಂಬರೂ ಕೂಡಿದ್ದವು. ಕಾರ್ಖಾನೆಯಿಂದ ಹೊರಬಿದ್ದಂದಿನಿಂದ ಒಂದು ತುಣುಕೂ ಬದಲಾಗಿರಲಿಲ್ಲ, ಮರದ ಮೇಲಿನ ಕಪ್ಪು ತಲೆಮಾರುಗಳ ಸೈನಿಕರ ಅಂಗೈಯದು. ನನ್ನದರ ಬೋಲ್ಟು ಯಾವುದೋ ಬೇರೆ ಬಂದೂಕಿನದು. ಮರ ಯಾರೋ ಉಜ್ಜಿ ಮೆರುಗು ಕೊಟ್ಟದ್ದು. ಹೊಡೆಯುವುದಕ್ಕೆ ಯಾವ ತೊಂದರೆಯೂ ಇಲ್ಲ, ಕೂಡಿಸಿಡುವವರ ಕಣ್ಣಿಗೆ ಮಾತ್ರ ಸಲ್ಲದು.

"ನಂಗೇನ್ ಗೊತ್ತಿತ್ತು? ನೀ ಬಿಟ್ಟಿದ್ದನ್ನ ತಗೊಂಡೆ" ಅಂದ ನಾಗ. ನಿಜವೇ. ಅದೇ ಹೆಚ್ಚು ಉರಿಯಿತು.

ಗುರಿ ಹೊಡೆಯುವ ಬಯಲು ಊರಾಚೆ. ಬರ್ಚ್ ಮರಗಳ ನಡುವೆ ಉದ್ದಕ್ಕೆ ಹಾಸಿದ ಹುಲ್ಲು, ಶರತ್ಕಾಲಕ್ಕೆ ಹಳದಿಯಾಗಿ ನಮ್ಮ ಚಳ್ಳಕೆರೆ ಕಡೆಯ ಹುಲ್ಲುಗಾವಲು ಉಳ್ಳಾರ್ತಿ ಕಾವಲ್‌ನ ಹಾಗೇ ಕಾಣುತ್ತದೆ, ದನ ಮಾತ್ರ ಇಲ್ಲ. ಕೊನೆಯಲ್ಲಿ ಮಣ್ಣಿನ ದಿಬ್ಬ, ಅದರ ಮುಂದೆ ಕಪ್ಪು ವೃತ್ತದ ಕಾಗದ. ಈ ಬಂದೂಕುಗಳ ನಳಿಗೆಯ ಮೇಲಿನ ಗುರಿಗಣ್ಣು ಸೈನ್ಯದವರು ಹೊಡೆಯುವ ದೂರಕ್ಕೆ ಕೂಡಿಸಿದ್ದು. ಹತ್ತಿರಕ್ಕೆ ಹೊಡೆಯುವಾಗ ವೃತ್ತದ ಕೆಳಗೆ ಹಿಡಿಯಬೇಕು, ಇಲ್ಲವಾದರೆ ಗುಂಡು ಮೇಲೆ ಹೋಗುತ್ತದೆ. ಅಜ್ಜ ಇದನ್ನೇ ವಿವರವಾಗಿ ಹೇಳಿದ್ದರು, ನಾನು "ಯಾ, ಯಾ" ಅಂದಿದ್ದೆ. ನನ್ನ ಗುಂಡುಗಳೆಲ್ಲ ಕಾಗದದ ನೆತ್ತಿ ದಾಟಿ ದಿಬ್ಬಕ್ಕೆ ಹೋದವು. ನಾಗನವು ಕಪ್ಪಿನಲ್ಲೇ ಗುಂಪು ಕಟ್ಟಿದವು. ಸಂಘದವರು ಅವನ ಬೆನ್ನು ತಟ್ಟಿದರು, ನನ್ನ ಬಂದೂಕನ್ನು ನೋಡಿ "ಚೆನ್ನಾಗಿ ಹೊಳೆಯುತ್ತದೆ" ಅಂದರು. ಆಮೇಲೆ ಫೀಕಾ. ಫೀಕಾ ಅಂದರೆ ಬರೀ ಕಾಫಿಯಲ್ಲ, ಕೆಲಸ ಬಿಟ್ಟು ಕೂತು ಕಾಫಿ ತಿಂಡಿಯ ಜೊತೆ ಮಾತಾಡಲೇಬೇಕಾದ ಹೊತ್ತು. ನಾಗ ಮಾತಾಡುತ್ತಿದ್ದ, ನಾನು ತಿಂಡಿ ತಿನ್ನುತ್ತಿದ್ದೆ.

ಮನೆಗೆ ಬಂದರೆ ಗಿರಿಜಾ ನನ್ನ ಮೋರೆ ನೋಡಿ, "ಏನ್ರಿ, ಉರಿಬಿಸಿಲಲ್ಲಿ ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿ ಬಂದಂಗೆ ಐತಲ್ಲ ಮಖ?" ಅನ್ನುತ್ತಿದ್ದಳು.

ಚಳಿಗಾಲವೆಲ್ಲ ಸಂಘದ ನೆಲಮಾಳಿಗೆಯ ಗುರಿಕೋಣೆಯಲ್ಲಿ ಅಭ್ಯಾಸ ಮಾಡಿದೆ. ಭಾಷೆಯೂ ಅಲ್ಲೇ ಹತ್ತಿತು. ಉಸಿರು ಬಿಡು, ಅರ್ಧಕ್ಕೆ ನಿಲ್ಲಿಸು, ಬಂದೂಕಿನ ಕುದುರೆಯನ್ನು ಮೆಲ್ಲಗೆ ಒತ್ತು ಎಂಬ ಮಾತುಗಳೇ ನಾನು ಸ್ವೀಡಿಷ್‌ನಲ್ಲಿ ತಡವರಿಸದೆ ಆಡಿದ ಮೊದಲ ವಾಕ್ಯಗಳು. ಅಜ್ಜ ಮರಕ್ಕೆ ಹಚ್ಚಲು ಕೊಟ್ಟದ್ದು ಅಗಸೆ ಎಣ್ಣೆ. ಅದರ ವಾಸನೆಗೆ ನಮ್ಮವ್ವ ಕುಟ್ಟುವ ಅಗಸೆ ಚಟ್ನಿಪುಡಿ ನೆನಪಾಗಿ, ಬಂದೂಕು ಒರೆಸುತ್ತಾ ಹಸಿವಾಗುತ್ತಿತ್ತು.

ಅಂತೂ ಮುಂದಿನ ದಸರಾ ಕಳೆದ ಭಾನುವಾರ ನನ್ನ ದಿನ ಬಂತು. ಹೊಡೆದದ್ದೆಲ್ಲ ಕಪ್ಪಿನೊಳಗೆ. ಒಂದೂ ಆಚೆ ಇಲ್ಲ. ಕಾಗದ ಕಿತ್ತುಕೊಂಡು, ಎದೆಗೆ ಹಿಡಿದು, ಹೆಚ್ಚುಕಡಿಮೆ ಓಡಿಕೊಂಡೇ ಬಂದೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಎಲ್ಲರೂ ನಾಗನ ಸುತ್ತ ಗುಂಪಾಗಿದ್ದರು.

ನಡೆದದ್ದು ಇಷ್ಟು. ಆಯುಧ ಪೂಜೆಗೆ ನಾವಿಬ್ಬರೂ ನಮ್ಮ ನಮ್ಮ ಮನೆಯಲ್ಲಿ ಬಂದೂಕಿಗೆ ಪೂಜೆ ಮಾಡಿದ್ದೆವು. ಊರಲ್ಲಿ ಲಾರಿಗೆ, ಕೊರೆಯುವ ಯಂತ್ರಕ್ಕೆ, ಮಗ್ಗಕ್ಕೆ ಮಾಡುವುದಿಲ್ಲವೇ, ಹಾಗೆಯೇ. ನಮ್ಮ ಮನೆಯಲ್ಲಿದ್ದ ಒಂದೇ ನಿಂಬೆಹಣ್ಣನ್ನು ಗಿರಿಜಾ ಚಿತ್ರಾನ್ನಕ್ಕೆ ಹಿಂಡಿದ್ದಳು, ನನ್ನದಕ್ಕೆ ಬರೀ ವಿಭೂತಿ, ಹೂವು. ನಾಗ ಶಾಸ್ತ್ರ ಬಿಡುವವನಲ್ಲ. ನಿಂಬೆ ಹೆಚ್ಚಿ, ಕುಂಕುಮ ಹಚ್ಚಿ, ಎರಡು ಹೋಳನ್ನೂ ನಳಿಗೆಯ ಬುಡದ ಕರಿಯುಕ್ಕಿನ ಮೇಲೆ ಕೂರಿಸಿದ್ದ. ಬಂದೂಕು ಹೊರಗಿಡಬಾರದೆಂದು ಕಾನೂನು. ಹಾಗಾಗಿ ಹೋಳಿನ ಸಮೇತ ಬೀರುವಿಗೆ ಸೇರಿಸಿ ಬೀಗ ಹಾಕಿದ್ದ. ತೆಗೆದಾಗ ಹುಳಿ ತನ್ನ ಕೆಲಸ ಮಾಡಿತ್ತು. ಕಿರೀಟದ ಪಕ್ಕದಲ್ಲೇ ಎರಡು ಕಂದು ಕಲೆ, ಉಕ್ಕಿನೊಳಕ್ಕೇ ಇಳಿದಿತ್ತು.

ಕಲೆ ಕಂಡಾಗ ನನ್ನ ಹೊಟ್ಟೆಯಲ್ಲಿ ತಣ್ಣನೆ ಮಜ್ಜಿಗೆ ಇಳಿಯಿತು. ನೂರು ವರ್ಷ ಯಾರೂ ಕೆಡಿಸದ ಬಂದೂಕನ್ನು ನಮ್ಮ ನಾಗ ಒಂದೇ ಹಬ್ಬದಲ್ಲಿ ಕೆಡಿಸಿದ್ದ! ಅಜ್ಜನ ಮುಖ ಸುಣ್ಣವಾಗಿತ್ತು. "ಇದೇನು?" ಅಂದರು.

ನಾಗ ತಲೆ ತಗ್ಗಿಸಿ, ಹೊಟ್ಟೆಗೆ ಅನ್ನ ಕೊಡುವ ಸಾಮಾನಿಗೆ ನಾವು ವರ್ಷಕ್ಕೊಮ್ಮೆ ಕೆಲಸ ಬಿಡಿಸಿ ಕೈಮುಗಿಯುತ್ತೇವೆ, ಅಂದು ಅದು ನಮಗೆ ದುಡಿಯುವುದಿಲ್ಲ, ನಾವೇ ಅದಕ್ಕೆ ದುಡಿಯುತ್ತೇವೆ, ಅಂತ ವಿವರಿಸಿದ.

ಅಜ್ಜ ಕಲೆಯ ಮೇಲೆ ಹೆಬ್ಬೆರಳಾಡಿಸಿ, "ಇದಕ್ಕೆ ಯಾರೂ ಇದುವರೆಗೆ ಕೈಮುಗಿದಿರಲಿಲ್ಲ" ಅಂದರು. ಬಂದವರನ್ನೆಲ್ಲ ಕರೆದು ಕರೆದು ತೋರಿಸಿದರು. ಅಂದಿನಿಂದ ಅದಕ್ಕೆ ಬಯಲಿನಲ್ಲಿ ನಾಗನ ಬಂದೂಕು ಅಂತ ಹೆಸರು ಬಿತ್ತು. ಕೆಟ್ಟದ್ದೂ ಅವನಿಗೆ ಲಾಭವೇ ಆಯಿತಲ್ಲ! ನನ್ನ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಮನೆಯಲ್ಲಿ ಅದನ್ನು ನೋಡಿ ಚಪ್ಪಾಳೆ ತಟ್ಟಿದವಳು ಗಿರಿಜಾ ಒಬ್ಬಳೇ.

ಇದಾದ ಕೆಲವು ವರ್ಷಕ್ಕೆ ಕಂಪನಿಯವರು ಚಿತ್ರದುರ್ಗದ ಹತ್ತಿರ ಯಂತ್ರ ರಿಪೇರಿಯ ಶೆಡ್ಡು ತೆರೆದರು. ನೋಡಿಕೊಳ್ಳಲು ನಮ್ಮ ಕಡೆಯವನೇ ಬೇಕೆಂದರು. ನಾನೂ ಕೇಳಿಕೊಂಡೆ, ನಾಗನೂ ಕೇಳಿಕೊಂಡ. ಆರಿಸಿದ್ದು ಯಾರನ್ನೆಂದು ಹೇಳಬೇಕೆ?

ಬಂದೂಕನ್ನು ಇಂಡಿಯಾಕ್ಕೆ ಒಯ್ಯುವುದು ಆಗದ ಮಾತು. ಸಂಘದಲ್ಲಿ ಎಷ್ಟೋ ಜನ ಕೈಚಾಚಿದರು. ಹೊರಡುವ ವಾರ ನಾಗ ನಮ್ಮ ಮನೆಗೆ ಬಂದು ಕೂತ.

"ತಿಪ್ಪಣ್ಣ, ಅದನ್ನ ನಿನ್ ಹೆಸರಿಗೆ ಮಾಡಿಸ್ಕೋ."

"ನಂಗ್ಯಾಕೋ? ನಂದೊಂದು ಐತಲ್ಲ."

"ಲೇ, ಇಷ್ಟು ವರ್ಷ ಅದನ್ನ ಕಣ್ಣಲ್ಲೇ ತಿಂದೀಯ. ನಂಗೊತ್ತಿಲ್ಲೇನು? ಬೇರೆಯೋರ ಬೀರುನಾಗಿದ್ರೆ ನನ್ ಹೊಟ್ಟೆ ಉರಿತೈತೆ. ನಿನ್ ಹತ್ರ ಇದ್ರೆ ನಿಂದಾದ್ರೂ ತಣ್ಣಗಾಗ್ತೈತೆ."

ಗಿರಿಜಾ ಒಳಗಿನಿಂದ ನಕ್ಕಳು. ನಾಗ ಬೋಲ್ಟು ಎಳೆದು, ಒಳಗೆ ನೋಡಿ, ನನ್ನ ಕೈಗಿಟ್ಟ. ನಾನೂ ನೋಡಿದೆ. ಕಣ್ಣು ಮಂಜಾಗಿ ಒಳಗೆ ಏನೂ ಕಾಣಲಿಲ್ಲ.

ಪೊಲೀಸರ ಒಪ್ಪಿಗೆ ಸಿಕ್ಕು ಅದು ನನ್ನದಾಯಿತು. ಬೀರುವಿನಲ್ಲಿ ಈಗ ಎರಡು ಬಂದೂಕು ಪಕ್ಕಪಕ್ಕ. ಬೇಕಾದದ್ದು ಸಿಕ್ಕಿತು. ಉರಿ ತಣ್ಣಗಾಗಬೇಕಿತ್ತು. ಆದರೆ ನಾಗ ರಜೆಗೆ ತನ್ನೂರಿಗೆ ಹೋದಾಗ ಫೋನು ಮಾಡಿದರೆ ಅವನ ಹಿಂದೆ ಅವರಣ್ಣನ ಮಗ್ಗ ಬಡಿಯುವ ಸದ್ದು ಕೇಳುತ್ತದೆ. "ಒರೇ, ಅನ್ನಂ ತಿನರಾ" ಅಂತ ಅವರಮ್ಮ ಊಟಕ್ಕೆ ಕರೆಯುತ್ತಾರೆ. ನಾನು ಹಿಮ ಬಿದ್ದ ಕಿಟಕಿ ನೋಡುತ್ತಾ ಅದನ್ನು ಕೇಳಿಸಿಕೊಳ್ಳುತ್ತೇನೆ.

ಅವನು ಕೇಳುವುದು ಬೇರೆ. "ಈ ಭಾನುವಾರ ಬಯಲಿಗೆ ಹೋಗಿದ್ಯಾ? ಗಾಳಿ ಹೆಂಗಿತ್ತು? ಅಜ್ಜ ಬಂದಿದ್ನಾ?" ಎಲ್ಲ ಕೇಳಿಕೊಂಡು ಅನ್ನುತ್ತಾನೆ, "ಇಲ್ಲಿ ನನ್ನ ಸ್ವೀಡನ್ ನಾಗಣ್ಣ ಅಂತಾರೆ ಕಣೋ. ನೀನೇ ಪುಣ್ಯವಂತ."

"ನೀನು ಪುಣ್ಯವಂತ" ಅಂತ ನಾನನ್ನುತ್ತೇನೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಈ ಸಲದ ಆಯುಧ ಪೂಜೆಯ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಲೆನ್ನಾರ್ಟಜ್ಜ, ಹೆಗಲಲ್ಲಿ ೧೮೯೯ರ ಬಂದೂಕಿನ ಚೀಲ. "ನಾಗ ಇಲ್ಲ. ನೀನೇ ಮಾಡು. ನಿಂಬೆಹಣ್ಣು ಮಾತ್ರ ಬೇಡ" ಅಂದರು. ಗಿರಿಜಾ ಚಾಪೆ ಹಾಸಿದಳು. ಮೂರು ಬಂದೂಕಿನ ಬೋಲ್ಟೂ ತೆರೆದು, ಒಂದೊಂದನ್ನೂ ಇಬ್ಬರೂ ನೋಡಿ, ಸಾಲಾಗಿ ಮಲಗಿಸಿ ಹೂವಿಟ್ಟೆವು.

ನಂತರದ ಭಾನುವಾರ ನನ್ನ ಬೀರುವಿನ ಎರಡನ್ನೂ ಬಯಲಿಗೆ ಒಯ್ದೆ. ಸಂಘಕ್ಕೆ ಹೊಸದಾಗಿ ಸೇರಿದ್ದ ಹೆಂಗಸೊಬ್ಬಳು ಬಂದು, ನಾಗನ ಬಂದೂಕು ನೋಡಬಹುದೇ ಅಂತ ಕೇಳಿದಳು. ಬೋಲ್ಟು ಎಳೆದು ತೋರಿಸಿ ಅವಳ ಕೈಗೆ ಕೊಟ್ಟೆ. ಅವಳು ಕಲೆಯ ಮೇಲೆ ಬೆರಳಿಟ್ಟು, "ಹಾಗಾದರೆ ನಿನ್ನದು ಯಾವುದು?" ಅಂದಳು. "ಇದು" ಅಂದು ಹೊಳೆಯುವುದನ್ನು ಎತ್ತಿಕೊಂಡು ಹೋಗಿ ನನ್ನ ಜಾಗದಲ್ಲಿ ಗುರಿ ಹಿಡಿದು ಬೋರಲು ಮಲಗಿದೆ. ಆವತ್ತು ಅದರಲ್ಲೇ ಹೊಡೆದೆ.