ಸುಗರಾಬಿಯ ಟಗರು

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಎನ್ನುವವರು ಒಂದು ವಾರ ಕೂತು ಅದರ ತೊಟ್ಟು ಬಿಡಿಸಬೇಕು, ಆಮೇಲೆ ಮಾತಾಡಬೇಕು. ಮೋಟೆಬೆನ್ನೂರಿನ ಸುಗರಾಬಿ ಗಂಡ ತೀರಿಹೋದ ಮೇಲೆ ಹನ್ನೊಂದು ಸುಗ್ಗಿ ಅದನ್ನೇ ಮಾಡಿದವಳು. ಸಂಜೆ ಎಷ್ಟು ತೊಳೆದರೂ ಕೈಯ ಉರಿ ಹೋಗುತ್ತಿರಲಿಲ್ಲ. ಮಗಳು ಮುಮ್ತಾಜಬಿ ಚಿಕ್ಕವಳಿದ್ದಾಗ ತಾಯಿ ಕೆನ್ನೆ ಸವರಲು ಬಂದರೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ತೊಂಬತ್ತನೇ ಇಸವಿಯ ಜನವರಿ ಚಳಿಯಲ್ಲಿ ಕುರಿಗಾರ ಮೈಲಪ್ಪ ತಾಯಿ ಸತ್ತ ಒಂದು ಗಂಡುಮರಿಯನ್ನು ಅವಳ ಬಾಗಿಲಿಗೆ ತಂದ. "ಇದು ಉಳಿಯೂದು ಕಷ್ಟ ಐತಿ ಬೇ. ಉಳಿದ್ರ ನಿಂದ" ಎಂದು ಇಟ್ಟು ಹೋದ. ಸುಗರಾಬಿ ಹಾಲಿನಲ್ಲಿ ಬೆರಳದ್ದಿ ಅದರ ಬಾಯಿಗಿಟ್ಟಳು. ಮರಿ ಒಂದು ಸಲ ಚೀಪಿ, ಮೂತಿ ಕೊಡವಿ, ಗೋಡೆ ಸೇರಿತು. ಹಾಲೇ ಸರಿಯಿಲ್ಲವೆಂದು ಈ ಮಹಾತಾಯಿ ಎರಡು ಮನೆಯ ಹಾಲು ಬದಲಿಸಿ ನೋಡಿದಳು.

"ಹಾಲಲ್ಲಮ್ಮಾ, ನಿನ್ನ ಬೆರಳು ಖಾರ ಐತಿ!" ಎಂದು ನಕ್ಕ ಮುಮ್ತಾಜ ತನ್ನ ಬೆರಳು ಕೊಟ್ಟಳು. ಮರಿ ಲೊಚಲೊಚ ಚೀಪಿ ಕುಡಿಯಿತು.

ಸುಗರಾಬಿ ಆ ಮೆತ್ತನೆಯ ಬೆರಳನ್ನೇ ನೋಡುತ್ತ ಕೂತಳು. ಬರುವ ವರ್ಷ ಏಳನೇ ಇಯತ್ತೆ ಮುಗಿದರೆ ಅದೂ ಮೆಣಸಿನಕಾಯಿ ರಾಶಿಗೆ ಬೀಳುವುದೇ. ಹುಡುಗಿ ಪಕ್ಕದ ಮನೆಯ ಹಸೀನಾಬಿಯ ಹತ್ತಿರ ಹೊಲಿಗೆ ಕಲಿಯುತ್ತಿದ್ದಳು. ಸ್ವಂತ ಮಷಿನ್ ಇದ್ದರೆ ಬದುಕಿಕೊಂಡಾಳು. ಈ ಮರಿ ಟಗರಾದರೆ ಮಾರಿ ಮಷಿನ್ ತರುವುದೆಂದು ಅವಳು ಅಂದೇ ಗಟ್ಟಿ ಮಾಡಿಕೊಂಡಳು.

ಮುಂದೆ ಒಂದೂವರೆ ವರ್ಷ ಆ ಮರಿಗೆ ನಡೆದ ಉಪಚಾರ ಯಾವ ಅಳಿಯನಿಗೂ ನಡೆದಿರಲಿಕ್ಕಿಲ್ಲ. ಶೇಂಗಾ ಹೊಟ್ಟು, ನೆನೆಸಿದ ಜೋಳ, ವಾರಕ್ಕೊಮ್ಮೆ ಬಿಸಿನೀರಿನ ಸ್ನಾನ. ತಾಯಿ-ಮಗಳು ಒಪ್ಪತ್ತು ಉಂಡ ದಿನವೂ ಅದಕ್ಕೆ ಎರಡು ಹೊತ್ತು ತಪ್ಪಲಿಲ್ಲ. ಅದೂ ಸುಗರಾಬಿ ಎಲ್ಲಿಗೆ ಹೋದರೆ ಅಲ್ಲಿಗೆ ಹಿಂದೆ ಹಿಂದೆ ಬರುತ್ತಿತ್ತು.

ತೊಂಬತ್ತೊಂದರ ಬಕ್ರೀದಿಗೆ ವಾರವಿರುವಾಗ ಅವಳು ಟಗರನ್ನು ರಾಣೆಬೆನ್ನೂರಿನ ಕುರಿ ಸಂತೆಗೆ ಒಯ್ದಳು. ಅವಳ ಪರವಾಗಿ ವ್ಯಾಪಾರಕ್ಕೆ ಮೈಲಪ್ಪನೇ ನಿಂತ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾಡುವ ಸಂತೆ ಅದು. ಹೊರಗಿನವರಿಗೆ ಏನೂ ತಿಳಿಯದು.

"ಮಷಿನ್ ಬರೂವಷ್ಟು ಬಂದ್ರ ಕೊಡು. ಇಲ್ಲಂದ್ರ ತಿರುಗಿ ಹೊಡಕೊಂಡು ಹೋಗೂಣು" ಎಂದು ಅವನಿಗೆ ಹೇಳಿಟ್ಟಿದ್ದಳು.

ಹುಬ್ಬಳ್ಳಿಯಿಂದ ಲಾರಿ ತಂದಿದ್ದ ಯೂಸುಫಸಾಬ ಬಂದ. ಕುರ್ಬಾನಿಗೆ ಊನವಿಲ್ಲದ ಟಗರು ಬೇಕೆಂದು ಕೊಂಬು, ಕಿವಿ, ಕಾಲು ಎಲ್ಲ ನೋಡಿ, ಮೈಲಪ್ಪನ ಟವೆಲ್ಲಿನೊಳಗೆ ಕೈಯಿಟ್ಟ. ಸುಗರಾಬಿ ಮೈಲಪ್ಪನ ಮುಖವನ್ನೇ ನೋಡುತ್ತ ನಿಂತಳು. ಅಷ್ಟು ದರ ಬರಲಿ ಎಂದು ದುವಾ ಮಾಡಿದಳು. ಅದರ ಬೆನ್ನಿಗೇ, ಬಾರದಿರಲಿ ಎಂದೂ ಮಾಡಿದಳು.

ಮೈಲಪ್ಪ ತಿರುಗಿ ಹೇಳಿದ: "ಬಂತು ಬೇ. ಅದಕ್ಕಿಂತ ಒಂದೀಟು ಹೆಚ್ಚೇ ಬಂತು."

ಆದರೆ ಟಗರು ಲಾರಿ ಹತ್ತಲೊಲ್ಲದು. ಇಬ್ಬರು ಹಿಂದಿನಿಂದ ನೂಕಿದರು, ಒಬ್ಬ ಕೊಂಬು ಹಿಡಿದು ಜಗ್ಗಿದ. ಅದು ನಾಲ್ಕೂ ಕಾಲು ಊರಿ ನಿಂತು ಸುಗರಾಬಿಯನ್ನೇ ನೋಡಿತು.

"ಬಿಡ್ರಿ, ನೂಕಬ್ಯಾಡ್ರಿ. ಅದಕ ಬೈಸಿಕೊಂಡೂ ರೂಢಿ ಇಲ್ಲ" ಎಂದವಳೇ ಸೆರಗು ಕಟ್ಟಿ, ಹಲಗೆಯ ಮೇಲೆ ತಾನೇ ನಡೆದು ಲಾರಿ ಹತ್ತಿದಳು. ಟಗರು ಅವಳ ಹಿಂದೆ ಮನೆಯ ಹೊಸ್ತಿಲು ದಾಟಿದ ಹಾಗೆ ಹತ್ತಿತು.

ಅದರ ಹಣೆಗೆ ಹಣೆ ಹಚ್ಚಿ, ದೂರದ ಪ್ರಯಾಣಕ್ಕೆ ಹೊರಟವರಿಗೆ ಹೇಳುವ ಮಾತನ್ನೇ ಹೇಳಿದಳು: "ಕಹಾಸುನಾ ಮಾಫ್ ಮಾಡಪಾ, ಅಂದದ್ದು ಆಡಿದ್ದು ಮನ್ನಿಸಿಬಿಡು." ಆಮೇಲೆ ಒಬ್ಬಳೇ ಇಳಿದಳು. ಹಿಂದೆಯೇ ಇಳಿಯಲು ಬಂದ ಟಗರಿನ ಮುಂದೆ ಲಾರಿಯ ಹಿಂಬಾಗಿಲು ಮುಚ್ಚಿದರು.

ಲಾರಿ ಹೋಗಿ ಎಷ್ಟೋ ಹೊತ್ತಾದರೂ ಅವಳು ಅಲ್ಲೇ ನಿಂತಿದ್ದಳು. ಮೈಲಪ್ಪ ಮೆಲ್ಲಗೆ ಕೇಳಿದ: "ಭಾಳ ಸಂಕಟಾತೇನು?"

"ಆತು. ಖರೇ ಹೇಳ್ತೇನಿ, ಭಾಳ ಆತು" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಆದ್ರ ಮೈಲಪ್ಪಾ, ತಾನು ಸಿಕ್ಕೊಂಡು ನನ್ನ ಮಗಳನ್ನ ಮೆಣಸಿನಕಾಯಿ ರಾಶ್ಯಾಗಿಂದ ಬಿಡಿಸಿ ಹೋತು ನೋಡು. ಹೆತ್ತವರೂ ಇಷ್ಟು ಮಾಡಿರಲಿಲ್ಲ ನನಗ. ನಡಿ, ಅಂಗಡಿ ಮುಚ್ಚೂದ್ರಾಗ ಮಷಿನ್ ತಗೊಳ್ಳೂಣು."