ವಿಮಾನದಲ್ಲಿ ಅಕ್ಕನ ಸೆರಗು ಹಿಡಿದೆ

ವಿಮಾನದಲ್ಲಿ "ಡಾಕ್ಟರ್, ನರ್ಸ್ ಯಾರಾದರೂ ಇದ್ದೀರಾ?" ಎಂದು ಗಗನಸಖಿ ಕೂಗಿದಾಗ ನಮ್ಮಕ್ಕ ಇದ್ದಾಳೆ ಎಂದು ನಾನು ಹೇಳಲಿಲ್ಲ. ಏಳಹೊರಟವಳ ಸೆರಗನ್ನೇ ಹಿಡಿದೆ.

"ಸುಮ್ಮ ಕೂಡಬೇ. ನಿನಗ ಇಂಗ್ಲಿಷ್ ಬರಂಗಿಲ್ಲ, ಮಂದಿ ನಗ್ತಾರ."

ಅಕ್ಕ ಭೀಮರಾಯನಗುಡಿ ಸುತ್ತಿನ ಹಳ್ಳಿಗಳನ್ನು ತಿರುಗುವ ನರ್ಸ್. ಯಾರು ಸಿಕ್ಕರೂ ಕೈ ಹಿಡಿದು "ಉಂಡೀರೇನ್ರಿ?" ಎನ್ನುತ್ತಾಳೆ. ಹಿಡಿದದ್ದು ನಾಡಿಯೆಂದು ಅವರಿಗೆ ತಿಳಿಯುವುದೇ ಇಲ್ಲ.

ಸೆರಗು ಬಿಡಿಸಿಕೊಂಡು ಹೋದಳು. ಬೆವರಿ ನಡುಗುತ್ತಿದ್ದ ಮುದುಕರೊಬ್ಬರ ಕೈ ಹಿಡಿದು, "ಚಾಚಾ, ಖಾನಾ ಖಾಯೆ ಕ್ಯಾ?" ಎಂದು ಅದೇ ಮಾತನ್ನು ಉರ್ದುವಿನಲ್ಲಿ ಕೇಳಿದಳು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಊಟ ಬಿಟ್ಟಿದ್ದರಂತೆ; ಮೈಯ ಸಕ್ಕರೆ ಪೂರಾ ಇಳಿದಿತ್ತು. ಗಗನಸಖಿಯಿಂದ ಸಕ್ಕರೆ ನೀರು ತರಿಸಿ ಕುಡಿಸಿದಳು. ಕಾಲು ಗಂಟೆಯಲ್ಲಿ ಚಾಚಾ ನಗುತ್ತಾ ಕೂತರು.

ವಿಮಾನ ಇಳಿದು, ಬಸ್ಸು ಹಿಡಿದು ಶಹಾಪುರ ಮುಟ್ಟಿದಾಗ ಅಕ್ಕ ಕೆಣಕಿದಳು: "ಯಾಕೋ ಸಾಹೇಬ, ಬಾಯಿ ವಿಮಾನದಾಗ ಬಿಟ್ಟು ಬಂದಿಯೇನು?"

"ನನ್ನ ನಾಚಿಕಿಗೆ ಅವರ ಜೀವ ಹೋಗ್ತಿತ್ತಕ್ಕಾ. ತಪ್ಪಾತು, ಹೊಟ್ಟ್ಯಾಗ ಹಾಕ್ಕೋ."