ವಾಸನೆಯನ್ನು ಮುಟ್ಟಿ ತೋರಿಸಿ

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿನ ಟ್ಯೂಷನ್ ಸೆಂಟರಿನವರು ನನ್ನ ಮೊಮ್ಮಗಳನ್ನು ಒಂದು ಅಂಕ ಕಡಿಮೆಯಾಯಿತೆಂದು ಕೆಳಗಿನ ಗುಂಪಿಗೆ ಇಳಿಸಿದರು. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳು ನಾನು, ಅವಳ ಉತ್ತರಪತ್ರಿಕೆಗಳನ್ನೆಲ್ಲ ಫೈಲಿನಲ್ಲಿ ಜೋಡಿಸಿಟ್ಟಿದ್ದೇನೆ. ಅವಳನ್ನೂ ಕರೆದುಕೊಂಡು ನೇರವಾಗಿ ಟೀಚರ ಮುಂದೆ ಕೂತೆ.

ಕಾಂಕ್ರೀಟ್ ನೌನ್ ಯಾವುದು, ಅಬ್‌ಸ್ಟ್ರಾಕ್ಟ್ ನೌನ್ ಯಾವುದು ಎಂಬ ಪ್ರಶ್ನೆ. ಮಗು ‘ಸ್ಮೆಲ್’ ಅನ್ನು ಕಾಂಕ್ರೀಟ್ ಎಂದು ಬರೆದಿತ್ತು. ಅದಕ್ಕೆ ಕೆಂಪು ಗೀಟು.

“ಕೈಗೆ ಸಿಗುವುದು ಮಾತ್ರ ಕಾಂಕ್ರೀಟ್, ಆಂಟಿ. ವಾಸನೆಯನ್ನು ಮುಟ್ಟಿ ತೋರಿಸಿ ನೋಡೋಣ!” ಎಂದು ಟೀಚರ್ ನಕ್ಕಳು.

“ಮೂಗಿಗೆ ಸಿಕ್ಕಿದರೂ ಕಾಂಕ್ರೀಟೇ ಕಣಮ್ಮ.”

“ಹೆಡ್ ಆಫೀಸು ಕಳಿಸಿದ ಮಾದರಿ ಉತ್ತರದಲ್ಲಿ ಹಾಗಿಲ್ಲ ಲಾ,” ಎಂದಳು, ಇಲ್ಲಿಯವರ ರೂಢಿಯಂತೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿ.

“ಅಜ್ಜಿ, ಪ್ಲೀಸ್ ಸ್ಟಾಪ್ ಲಾ,” ಎಂದು ಮೊಮ್ಮಗಳು ಸೆರಗು ಜಗ್ಗಿದಳು.

ಬಿಡುತ್ತೇನೆಯೆ? ಕೆಳಗಿನ ಅಂಗಡಿಯಿಂದ ಬಿಡಿಸಿದ ಡ್ಯೂರಿಯನ್ ಹಣ್ಣನ್ನು ಡಬ್ಬಿಯಲ್ಲಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದೆ. ಆ ಎ.ಸಿ. ಕೋಣೆಯಲ್ಲಿ, ಟೀಚರ ಮೇಜಿನ ಮೇಲೆಯೇ, ಮುಚ್ಚಳ ತೆಗೆದಿಟ್ಟೆ.

“ಅಯ್ಯೋ ಆಂಟಿ, ವಾಸನೆ! ಮುಚ್ಚಿ, ಮುಚ್ಚಿ!”

“ಯಾಕಮ್ಮ, ಕೈಗೆ ಸಿಗದ ವಸ್ತು ನಿಮಗೇನು ಮಾಡೀತು?” ಎಂದೆ. ಪಕ್ಕದ ಕೋಣೆಯ ಮಕ್ಕಳು ಮೂಗು ಹಿಡಿದುಕೊಂಡು ಹೊರಗೆ ಓಡಿದರು.

ಅಂಕ ಅಲ್ಲೇ ಬಂತು, ಮೊಮ್ಮಗಳು ಮೇಲಿನ ಗುಂಪಿಗೆ ಮರಳಿದಳು. ಆದರೆ ಹೆಡ್ ಆಫೀಸಿನವರು ಆ ಮಾದರಿ ಉತ್ತರವನ್ನು ತಿದ್ದಲಿಲ್ಲ. ನಮ್ಮದನ್ನು ‘ಸ್ಪೆಷಲ್ ಕೇಸ್’ ಎಂದು ಬರೆದುಕೊಂಡರಂತೆ. ಬೇರೆ ಮಕ್ಕಳಿಗೆ ವಾಸನೆ ಇಂದಿಗೂ ಅಬ್‌ಸ್ಟ್ರಾಕ್ಟೇ. ಪಾಪ, ಅವರ ಅಜ್ಜಿಯರು ಮರ್ಯಾದಸ್ಥರಿರಬೇಕು.